ಬಶಿಯ ಬೆನ್ನು

ಡೋಣಿ ದಾಟಿ, ಕಪ್ಪತಗುಡ್ಡದ ಬಗಲಿಗೆ
ತಗಡಿನ ಶೆಡ್ಡು. ನಾನಲ್ಲಿ ಕಲ್ಲಿಗೆ ಹೆಸರು ಬರೆಯುವವ.
ಬೋರು ಕೊರೆದು ಎಳೆದ ಕಲ್ಲಿನ ಕೋಲುಗಳನ್ನು
ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ
ಕೆಂಪು ಬಣ್ಣದಲ್ಲಿ ಆಳ ಬರೆಯುವುದು:
ಎಂಬತ್ತನಾಲ್ಕು ಮೀಟರು, ಇಪ್ಪತ್ತು ಸೆಂಟಿ.
ದಿನಕ್ಕೆ ಹನ್ನೊಂದು ರೂಪಾಯಿ. ಚಹಾ ಕ್ಯಾಂಪಿನದು.

ಹೇಮ್ಲವ್ವ ಬಂದದ್ದು ಊಟದ ಹೊತ್ತಿಗೆ,
ಸಾಹೇಬರು ಗದಗಿಗೆ ಹೋದ ದಿನ ನೋಡಿಕೊಂಡು.
ತಲೆ ಮೇಲೆ ಕಸಬರಿಗೆ ಹುಲ್ಲಿನ ಹೊರೆ,
ಸೆರಗಿನ ಗಂಟಿನಲ್ಲಿ ಕೋಳಿಮೊಟ್ಟೆಯಷ್ಟು ಕಲ್ಲು.
"ಫಕ್ಕೀರಣ್ಣಾ, ಬಾಗ್ಲಾ ಹಾಕು" ಅಂದಳು.
ಶೆಡ್ಡಿಗೆ ಬಾಗಿಲೇ ಇರಲಿಲ್ಲ.

ಬಿಸಿಲಿಗೆ ಹಿಡಿದೆ. ಬೆಳ್ಗಲ್ಲಿನ ಹೊಟ್ಟೆ ಸೀಳಿ
ಹಳದಿ, ತೊಳೆದ ಹಿತ್ತಾಳೆ ಗಿಂಡಿಯ ಹಳದಿ.
ಒಂದು ಮಗ್ಗುಲಿಗೆ ನವಿಲಿನ ಕುತ್ತಿಗೆ,
ಸೀಮೆಎಣ್ಣೆ ಬಿದ್ದ ನೀರಿನ ಹಾಗೆ ನೇರಳೆ, ನೀಲಿ.
ಹೊರಗಿನ ತೊಗಟೆ ತುಕ್ಕು; ತುಕ್ಕಿನ ಬಿರುಕಿನಲ್ಲಿ ಹಸಿರು,
ಹುಣಸೆ ಹಚ್ಚದೆ ಬಿಟ್ಟ ತಂಬಿಗೆಯ ಕಿಲುಬು.

"ಬಂಗಾರ ಹೌದಲ್ಲ?"

ನಾನು ಮಾತಾಡಲಿಲ್ಲ. ಚಹಾದ ಬಶಿ ಬೋರಲು ಹಾಕಿದೆ.
ಅದರ ಬೆನ್ನಿಗೊಂದು ಬಳೆ ಇರುತ್ತದೆ,
ಮೆರುಗು ಹತ್ತದ, ನೆಲಕ್ಕೆ ತಾಗುವ ಒರಟು ಬಿಳಿ ಬಳೆ.
ಕಲ್ಲು ಕಣ್ಣಿಗೆ ತೋರುವ ಬಣ್ಣ ಬೇರೆ,
ಉಜ್ಜಿದರೆ ಬಿಟ್ಟುಹೋಗುವ ಬಣ್ಣ ಬೇರೆ.
ಬಂಗಾರ ಮಾತ್ರ ಎರಡೂ ಕಡೆ ಬಂಗಾರ.
ಇದು ಎಳೆದ ಗೀರು ಕಪ್ಪು, ಕಪ್ಪಿನೊಳಗೆ ಹಸಿರು,
ಕಾಡಿಗೆಗೆ ಬೇವಿನ ರಸ ಬಿದ್ದಂತೆ.

ಚಾಕುವಿನ ಮೊನೆಗೆ ಸೋತಿತು, ಹಾಗಾದರೆ ಕಿಡಿಗಲ್ಲಲ್ಲ.
ಸುತ್ತಿಗೆಗೆ ತಗಡಾಗಲಿಲ್ಲ, ಹಿಟ್ಟಾಯಿತು.
ಹಿಟ್ಟನ್ನು ಒಲೆಗೆ ಚೆಲ್ಲಿದೆ.
ಮೂಗಿಗೆ ಗಂಧಕ, ಪಟಾಕಿ ಹೊಡೆದ ಮರುದಿನದ ಓಣಿ.

"ತಾಮ್ರದ್ದು ಇದು, ಹೇಮ್ಲವ್ವಾ. ತಾಮ್ರ, ಕಬ್ಬಿಣ, ಗಂಧಕ,
ಮೂವರು ಅಣ್ತಮ್ಮರು, ಹೆಚ್ಚುಕಡಿಮೆ ಸಮಪಾಲು.
ಈ ಗುಡ್ಡ ಇನ್ನೂ ಗುಡ್ಡ ಆಗೂದಕ್ಕಿಂತ ಮೊದಲ
ಬಿಸಿನೀರು ಕಲ್ಲಿನ ಸಂದಿ ಹಿಡದು ಏರಿ ಬಂದು
ಆರಿದಲ್ಲೆ ಇಟ್ಟುಹೋದ ಗಂಟು.
ಇನ್ನೂರೈವತ್ತು ಕೋಟಿ ವರ್ಷ..."
ಸಾಹೇಬರ ಮಾತನ್ನು ಸಾಹೇಬರ ಧಾಟಿಯಲ್ಲೇ ಹೇಳುತ್ತಿದ್ದೆ.
ಆಕೆ ಹುಲ್ಲಿನ ಹೊರೆಯಿಂದ ಕುಡುಗೋಲು ಎಳೆದಳು.

ತುದಿ ಕೆಂಪಗಿತ್ತು. ರಕ್ತ ಅಂದುಕೊಂಡೆ.
"ತಾಮ್ರ ನಂಗೂ ಗೊತ್ತೈತಿ. ಅಲ್ಲೊಂದು ಝರಿ,
ನೀಲಿ ನೀರು. ಆಡು ಮೂಸಿ ಹಿಂದ ಸರೀತಾವ.
ಸುತ್ತ ಹುಲ್ಲು ಗೇಣಿನ ಮ್ಯಾಲೆ ಏಳಂಗಿಲ್ಲ.
ಕುಡಗೋಲ ಅದರಾಗ ಮರತು ಬಿಟ್ಟಿದ್ದೆ,
ಮುಂಜಾನಿ ನೋಡಿದ್ರ ತಾಮ್ರದ ಅಂಗಿ ತೊಟ್ಟಿತ್ತು.
ಕಬ್ಬಿಣ ಕರಗಿ ಎಲ್ಲಿಗೆ ಹೋತು, ಅದನ್ನ ಹೇಳು."

ನೀರಿಗೆ ಹೋಯಿತು ಅನ್ನಬೇಕಿತ್ತು. ಒಂದರ ಜಾಗಕ್ಕೆ ಒಂದು.
ಆರು ವರ್ಷ ಪೆಟ್ಟಿಗೆ ಬರೆದವನಿಗೆ
ಅಂಥ ಕುಡುಗೋಲು ಯಾರೂ ತೋರಿಸಿರಲಿಲ್ಲ.
"ಎಲ್ಲೈತಿ ಆ ಝರಿ?"
"ನಿಮ್ಮ ಮಷೀನು ಇಳಸಾಕ?"
ನಕ್ಕಳು. ಸೆರಗಿಗೆ ಕಲ್ಲು ಕಟ್ಟಿದಳು, ಮತ್ತೆ ಬಿಚ್ಚಿದಳು,
ಬಶಿಯ ಪಕ್ಕ ಇಟ್ಟು ಹೋದಳು.

ಚೀಟಿ ಬರೆದೆ. ಬಣ್ಣ, ಗೀರು,
ಗಡಸುತನ ಮೂರೂವರೆಯಿಂದ ನಾಲ್ಕು.
ತಂದವರು: ಹೇಮ್ಲವ್ವ, ತಾಂಡಾ.
ಸ್ಥಳ:
ಅಲ್ಲಿ ಪೆನ್ನು ನಿಂತಿತು.
ಗೊತ್ತಿಲ್ಲ ಅಂತ ಬರೆದದ್ದು ಸುಳ್ಳಲ್ಲ.
ಹಿಂದೆಯೇ ಹೋಗಬಹುದಿತ್ತು, ಹೋಗಲಿಲ್ಲ, ಅದೂ ಸುಳ್ಳಲ್ಲ.

ಕ್ಯಾಂಪು ಎದ್ದು ಹೋಯಿತು. ಪೆಟ್ಟಿಗೆಗಳಿಗೆ ಗೆದ್ದಲು.
ಎಂಬತ್ತನಾಲ್ಕು ಮೀಟರಿನ ಕಲ್ಲೂ ಹನ್ನೆರಡು ಮೀಟರಿನದೂ
ಈಗ ಒಂದೇ ರಾಶಿ, ಓತಿಕ್ಯಾತನ ಮನೆ.

ಬಶಿ ನನ್ನ ಬಳಿ ಉಳಿದಿದೆ.
ಬೂದಿ, ಹುಣಸೆಹಣ್ಣು, ಎಲ್ಲ ಹಚ್ಚಿ ತಿಕ್ಕಿದ್ದಾಯಿತು.
ಇದೇನು ಮಾವಾ, ಸೀಳೈತೇನು ಅಂತ ಸೊಸೆ ಕೇಳುತ್ತಾಳೆ.
ಸುರುವಿ, ಊದಿ, ಕುಡಿಯುತ್ತೇನೆ.
ಅಡಿಯಲ್ಲಿ ಬೆರಳು ಆ ಬಳೆಯನ್ನು ಸುತ್ತಿ
ಗೀರು ಇರುವಲ್ಲಿ ನಿಲ್ಲುತ್ತದೆ.
ಬೆರಳಿಗೆ ಏನೂ ತಾಗುವುದಿಲ್ಲ.